ಬೆಳಕು ತಿದ್ದಿ, ಮುಖ ತಿದ್ದಬೇಡಿ

ನಮ್ಮಜ್ಜಿ ತೀರಿಕೊಂಡಾಗ ತಿಥಿಗೆ ಮುಂಚೆ ಒಂದು ಫ್ಲೆಕ್ಸ್ ಮಾಡಿಸಿದೆವು. ಈಗ ಎಲ್ಲ ಊರಲ್ಲೂ ಕಟ್ಟುತ್ತಾರಲ್ಲ, ‘ಭಾವಪೂರ್ಣ ಶ್ರದ್ಧಾಂಜಲಿ’ ಅಂತ, ಅಂಥದ್ದು. ಅಜ್ಜಿಯ ಫೋಟೊ ಅಂತ ಮನೆಯಲ್ಲಿ ಸಿಕ್ಕಿದ್ದು ಒಂದೇ. ಪಿಂಚಣಿಗೆ ಅರ್ಜಿ ಹಾಕುವಾಗ ತೆಗೆಸಿದ್ದ ಪಾಸ್‌ಪೋರ್ಟ್ ಸೈಜಿನದು. ಒಂದು ಮೂಲೆಗೆ ಸೀಲು ಬಿದ್ದಿತ್ತು. ಅದನ್ನೇ ಮೊಬೈಲಲ್ಲಿ ಹೊಡೆದು ಸ್ಟುಡಿಯೊದವರಿಗೆ ವಾಟ್ಸಾಪ್ ಮಾಡಿದೆ. ಜೊತೆಗೆ ಒಂದು ಸಾಲು ಬರೆದೆ: ‘ಅಣ್ಣ, ಸ್ವಲ್ಪ ಚೆನ್ನಾಗಿ ಮಾಡಿ.’

ಸಂಜೆಗೆ ಫ್ಲೆಕ್ಸ್ ಬಂತು. ಬಸ್ ನಿಲ್ಲುವ ಜಾಗದಲ್ಲಿ ಕಟ್ಟಿದೆವು. ಹಿಂದೂಪುರದಿಂದ ಬಂದ ನಮ್ಮ ಸೋದರತ್ತೆ ಬಸ್ಸಿಳಿದು ಅದರ ಮುಂದೆ ನಿಂತರು. ಸ್ವಲ್ಪ ಹೊತ್ತು ನೋಡಿ, ‘ಇದ್ಯಾರ ಫೋಟೊನೋ ಮಗ? ನಮ್ಮವ್ವಂದು ಎಲ್ಲಿ ಕಟ್ಟಿದೀರಾ?’ ಅಂದರು.

ಆಗ ನಾನೂ ಸರಿಯಾಗಿ ನೋಡಿದೆ. ಅಜ್ಜಿಯ ಹಣೆಯ ನಡುವೆ ಹಚ್ಚೆಬೊಟ್ಟು ಇತ್ತು, ಗಲ್ಲದ ಮೇಲೆ ಮೂರು ಚುಕ್ಕೆ. ಎರಡೂ ಮಾಯ. ಕಳ್ಳೇಕಾಯಿ ಹೊಲದಲ್ಲಿ ಐವತ್ತು ವರ್ಷ ಬಿಸಿಲು ಕುಡಿದ ಕೆನ್ನೆಯ ಸುಕ್ಕು ಮಾಯ. ಮೈಬಣ್ಣ ಹಾಲಿನ ಹಾಗೆ. ಕಣ್ಣು ಬೇರೆ ಯಾರದ್ದೋ. ಸೀರೆಗೆ ಹೊಸದಾಗಿ ಜರಿ ಅಂಚೂ ಬಂದಿತ್ತು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ಆದರೆ ಅದು ನಮ್ಮಜ್ಜಿ ಆಗಿರಲಿಲ್ಲ.

ಈ ಬರಹ ಸ್ಟುಡಿಯೊದವರನ್ನು ಬೈಯೋದಕ್ಕಲ್ಲ. ಅವರು ನಾನು ಹೇಳಿದ್ದನ್ನೇ ಮಾಡಿದ್ದರು. ‘ಚೆನ್ನಾಗಿ ಮಾಡಿ’ ಅಂದೆ, ಮಾಡಿಕೊಟ್ಟರು. ತಪ್ಪು ಆ ಮಾತಿನಲ್ಲಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲೇ ಹೋಗಿ, ಸ್ಟುಡಿಯೊ ಬಾಗಿಲಲ್ಲಿ ನಾವೆಲ್ಲ ಹೇಳುವುದು ಇದನ್ನೇ. ಚೆನ್ನಾಗಿ ಅಂದರೆ ಹೇಗೆ ಅಂತ ನಾವು ಹೇಳುವುದಿಲ್ಲ, ಅವರು ಕೇಳುವುದಿಲ್ಲ. ಕೇಳದೇ ಇರುವಾಗ ಚೆನ್ನಾಗಿ ಅಂದರೆ ಬೆಳ್ಳಗೆ ಅಂತಲೇ ಅರ್ಥ ಆಗಿಬಿಟ್ಟಿದೆ.

ಎಡಿಟಿಂಗ್ ಅಂದರೆ ಎಲ್ಲವೂ ಒಂದೇ ಅಲ್ಲ. ಅದರಲ್ಲಿ ಎರಡು ಕೆಲಸ ಇವೆ. ಒಂದು ಬೆಳಕು ತಿದ್ದುವುದು, ಇನ್ನೊಂದು ಮುಖ ತಿದ್ದುವುದು. ಇವೆರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ಅರ್ಧ ಗೊಂದಲ ಹೋಗುತ್ತದೆ.

ಮೊದಲು ಬೆಳಕಿನ ಮಾತು. ಕ್ಯಾಮೆರಾಕ್ಕೆ ನಮ್ಮ ಕಣ್ಣಿನಷ್ಟು ತಿಳಿವಳಿಕೆ ಇಲ್ಲ. ಚೌಕಟ್ಟಿನೊಳಗೆ ಬಂದ ಬೆಳಕನ್ನೆಲ್ಲ ಸೇರಿಸಿ ಒಂದು ಸರಾಸರಿ ಹಾಕಿಕೊಳ್ಳುತ್ತದೆ. ಬಿಳಿ ಅಂಗಿ, ಬಿಳಿ ಪಂಚೆ ಉಟ್ಟ ಎಣ್ಣೆಗೆಂಪು ಬಣ್ಣದ ರೈತನನ್ನು ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿ ಫೋಟೊ ಹೊಡೆಯಿರಿ. ಬಟ್ಟೆಯ ಬೆಳಕು ಜಾಸ್ತಿ ಅಂತ ಕ್ಯಾಮೆರಾ ಎಲ್ಲವನ್ನೂ ತಗ್ಗಿಸುತ್ತದೆ. ಬಟ್ಟೆ ಸರಿ ಕಾಣುತ್ತದೆ, ಮುಖ ಕರ್ರಗಾಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ಹೊಡೆದರೆ ಮುಖಕ್ಕೆ ಹಸಿರು ಛಾಯೆ ಬರಬಹುದು, ಹಳದಿ ಬಲ್ಬಿನ ಕೆಳಗೆ ಕಾಮಾಲೆ ಬಂದವರ ಹಾಗೆ ಕಾಣಬಹುದು. ಇದನ್ನು ತಿದ್ದುವುದು ಸುಳ್ಳಲ್ಲ. ಕ್ಯಾಮೆರಾ ಮಾಡಿದ ತಪ್ಪನ್ನು ಸರಿ ಮಾಡುವುದಷ್ಟೇ. ಮುಖ ಎದುರಿಗೆ ಇದ್ದಾಗ ಹೇಗಿತ್ತೋ ಹಾಗೆ ಕಾಣುವವರೆಗೆ ಬೆಳಕು ಏರಿಸಬೇಕು.

ಈ ತಪ್ಪಿಗೆ ಹಳೆಯ ಚರಿತ್ರೆಯೂ ಇದೆ. ರೀಲಿನ ಕಾಲದಲ್ಲಿ ಅಮೆರಿಕದ ಕೋಡಕ್ ಕಂಪನಿ ಫೋಟೊ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿದ್ದದ್ದು ಬಿಳಿಯ ಹೆಂಗಸೊಬ್ಬಳ ಮುಖ. ಮೊದಲ ಚಿತ್ರದಲ್ಲಿದ್ದವಳ ಹೆಸರು ಶರ್ಲಿ, ಆಮೇಲೆ ಅಂಥ ಚಿತ್ರಗಳಿಗೆಲ್ಲ ‘ಶರ್ಲಿ ಕಾರ್ಡ್’ ಅಂತಲೇ ಹೆಸರಾಯಿತು. ಶರ್ಲಿಯ ಮೈಬಣ್ಣ ಸರಿ ಬಂದರೆ ಪ್ರಿಂಟು ಸರಿ ಅಂತ ಲೆಕ್ಕ. ಕಪ್ಪು ಮೈಬಣ್ಣದವರ ಮುಖದ ವಿವರ ಎಷ್ಟೋ ಸಲ ಕಪ್ಪು ಮಸಿಯಲ್ಲಿ ಮುಳುಗಿಹೋಗುತ್ತಿತ್ತು. ಕೋಡಕ್ ತನ್ನ ಫಿಲಂ ಸುಧಾರಿಸಲು ಒಂದು ಕಾರಣ ಆಗಿದ್ದು ಮರದ ಪೀಠೋಪಕರಣ ಮತ್ತು ಚಾಕೊಲೇಟ್ ಕಂಪನಿಗಳ ದೂರು. ಅವುಗಳ ಜಾಹೀರಾತಿನಲ್ಲಿ ಕಂದು ಬಣ್ಣ ಸರಿಯಾಗಿ ಬರುತ್ತಿರಲಿಲ್ಲವಂತೆ. ಮನುಷ್ಯರ ಮುಖಕ್ಕೆ ಸಿಗದ ನ್ಯಾಯ ಚಾಕೊಲೇಟಿಗೆ ಸಿಕ್ಕಿತು ನೋಡಿ! 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ ಎಲ್ಲ ಮೈಬಣ್ಣವನ್ನೂ ಇದ್ದಂತೆ ತೋರಿಸುತ್ತೇವೆ ಅಂತ ‘ರಿಯಲ್ ಟೋನ್’ ತಂತ್ರ ತಂದಿತು. ಅಂದರೆ ಅಲ್ಲಿಯವರೆಗೂ ಈ ಕೊರತೆ ಪೂರ್ತಿ ನೀಗಿರಲಿಲ್ಲ ಅಂತಲೇ ಅರ್ಥ.

ಹಾಗಾಗಿ ‘ಎಡಿಟಿಂಗೇ ಬೇಡ, ಇದ್ದದ್ದು ಇದ್ದ ಹಾಗೇ ಇರಲಿ’ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕ್ಯಾಮೆರಾ ಕೊಟ್ಟಿದ್ದೆಲ್ಲ ಇದ್ದ ಹಾಗೆ ಇರುವುದಿಲ್ಲ. ನಮ್ಮ ಬಣ್ಣದವರಿಗೆ ಬೆಳಕು ತಿದ್ದುವ ಕೆಲಸ ಬೇಕೇ ಬೇಕು.

ಎರಡನೆಯದು ಮುಖ ತಿದ್ದುವುದು. ಚರ್ಮ ನುಣುಪು ಮಾಡುವುದು, ಬಣ್ಣ ಬದಲಿಸುವುದು, ಕಣ್ಣು ದೊಡ್ಡದು ಮಾಡುವುದು, ಮೂಗು ಕೆತ್ತುವುದು, ಮಚ್ಚೆ ಅಳಿಸುವುದು. ಇದೂ ಹೊಸದಲ್ಲ. 1850ರ ದಶಕದಲ್ಲೇ ಯುರೋಪಿನಲ್ಲಿ ನೆಗೆಟಿವ್ ಮೇಲೆ ಕೈಯಿಂದ ತಿದ್ದುತ್ತಿದ್ದರು. ನಮ್ಮ ದೇಶದಲ್ಲೂ ಕಪ್ಪು ಬಿಳುಪು ಫೋಟೊಗೆ ಬಣ್ಣ ಬಳಿದು ಗೋಡೆಗೆ ಹಾಕುತ್ತಿದ್ದರು. ನಮ್ಮ ಕಡೆ ಹಳೇ ಮನೆಗಳಲ್ಲಿ ಈಗಲೂ ಇರುವ ಮದುವೆ ಫೋಟೊ ನೋಡಿ, ತುಟಿಗೆ ಕೆಂಪು, ಕೆನ್ನೆಗೆ ಗುಲಾಬಿ ಬಳಿದಿರುವುದು ಸಿಗುತ್ತದೆ. ಆದರೆ ಅದಕ್ಕೆ ಕೈ ಬೇಕಿತ್ತು, ಹೊತ್ತು ಬೇಕಿತ್ತು, ದುಡ್ಡು ಬೇಕಿತ್ತು. ಹಾಗಾಗಿ ಅಲ್ಲಲ್ಲಿ ಮಾತ್ರ ನಡೆಯುತ್ತಿತ್ತು. ಈಗ ಎಷ್ಟೋ ಫೋನುಗಳ ಸೆಲ್ಫಿ ಕ್ಯಾಮೆರಾದಲ್ಲಿ ಬ್ಯೂಟಿ ಮೋಡ್ ಮೊದಲೇ ಆನ್ ಆಗಿರುತ್ತದೆ. ನಾವು ಕೇಳದೇ ಮುಖ ತಿದ್ದಿ ಕೊಡುತ್ತದೆ.

ಇದರಿಂದ ಏನು ಕಷ್ಟ? ನಾನು ಕಂಡ ಮೂರು ಸಂಗತಿ ಹೇಳುತ್ತೇನೆ.

ಮೊದಲನೆಯದು ಕಾಣೆಯಾದವರ ಸುದ್ದಿ. ನಮ್ಮಂಥ ಸ್ಟ್ರಿಂಗರುಗಳಿಗೆ ವಾರಕ್ಕೊಂದಾದರೂ ಇಂಥ ಪ್ರಕಟಣೆ ಬರುತ್ತದೆ. ಒಮ್ಮೆ ಮರೆವಿನ ಕಾಯಿಲೆಯಿದ್ದ ಒಬ್ಬ ಯಜಮಾನರು ಮನೆ ಬಿಟ್ಟು ಹೋಗಿದ್ದರು. ಪ್ರಕಟಣೆಯಲ್ಲಿ ‘ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು’ ಅಂತಿತ್ತು. ಮನೆಯವರು ಕೊಟ್ಟ ಫೋಟೊ ಮಗನ ಮದುವೆ ಆಲ್ಬಮಿನದು. ಅದರಲ್ಲಿ ಅವರು ಬೆಳ್ಳಗೆ, ದುಂಡಗೆ, ಹತ್ತು ವರ್ಷ ಚಿಕ್ಕವರಾಗಿ ನಗುತ್ತಿದ್ದರು. ನಾನೂ ಯೋಚನೆ ಮಾಡದೆ ಅದನ್ನೇ ಎಲ್ಲ ಗ್ರೂಪಿಗೂ ಹಾಕಿದೆ. ಎರಡು ದಿನ ಒಂದು ಫೋನೂ ಬರಲಿಲ್ಲ. ಮೂರನೇ ದಿನ ಪಕ್ಕದ ಮನೆ ಹುಡುಗ ದಂಡಿನ ಮಾರಮ್ಮನ ಜಾತ್ರೆಯಲ್ಲಿ ತೆಗೆದಿದ್ದ ಒಂದು ಫೋಟೊ ತಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಗಡ್ಡ ಬಿಟ್ಟುಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು. ಅದನ್ನು ಹಾಕಿದ ಸಂಜೆಯೇ ಗಡಿಯಾಚೆಯ ಒಂದು ಟೀ ಅಂಗಡಿಯಿಂದ ಫೋನ್ ಬಂತು. ‘ಈ ತಾತ ಎರಡು ದಿನದಿಂದ ನಮ್ಮ ಅಂಗಡಿ ಮುಂದೇನೇ ಮಲಗ್ತಾವ್ನೆ. ನೀವು ಹಾಕಿದ್ದ ಮೊದಲ್ನೇ ಫೋಟೊನೂ ನೋಡಿದ್ದೆ ಸಾರ್, ಆದ್ರೆ ಇವ್ರೇ ಅಂತ ಗೊತ್ತಾಗ್ಲಿಲ್ಲ’ ಅಂದರು. ಆ ಎರಡು ರಾತ್ರಿ ಚಳಿಯಲ್ಲಿ ಅವರಿಗೆ ಏನಾದರೂ ಆಗಿದ್ದರೆ? ಈಗಲೂ ನನಗೆ ಆ ಯೋಚನೆ ಬರುತ್ತದೆ.

ಎರಡನೆಯದು ಮದುವೆ ಬಯೋಡೇಟಾ. ನನ್ನ ಚಿಕ್ಕಪ್ಪನ ಮಗಳು ಡಿಗ್ರಿ ಮುಗಿಸಿದವಳು, ನಮ್ಮ ಮನೆಯವರೆಲ್ಲರ ಹಾಗೆ ಕಪ್ಪು. ಬಯೋಡೇಟಾಕ್ಕೆ ಫೋಟೊ ತೆಗೆಸಿದಾಗ ಮನೆಯ ದೊಡ್ಡವರೇ ‘ಒಂಚೂರು ಬೆಳ್ಳಗೆ ಮಾಡಿ’ ಅಂದರು. ಗಂಡಿನ ಕಡೆಯವರು ಬಂದರು. ಅವಳು ಕಾಫಿ ತಟ್ಟೆ ಹಿಡಿದು ಹೊರಗೆ ಬಂದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಮಾತೂ ಆಡಲಿಲ್ಲ, ಉಪ್ಪಿಟ್ಟು ತಿಂದು ಹೋದರು. ಆ ನೋಟ ಅವಳಿಗೆ ತಗುಲಿದ್ದು ಹೇಗೆ ಅಂತ ಯೋಚಿಸಿ. ಅವರು ಅವಳನ್ನು ಹೋಲಿಸಿ ನೋಡಿದ್ದು ಬೇರೆ ಯಾವ ಹುಡುಗಿಯ ಜೊತೆಗೂ ಅಲ್ಲ, ಅವಳದೇ ಫೋಟೊ ಜೊತೆಗೆ. ಆ ರಾತ್ರಿ ಅವಳು ಅಂದಳು: ‘ಅಣ್ಣ, ಅವ್ರು ಬೇಡ ಅಂದಿದ್ದಕ್ಕೆ ಬೇಜಾರಿಲ್ಲ. ಮೊದ್ಲು ಬೇಡ ಅಂದಿದ್ದು ನಮ್ಮನೆಯವ್ರೇ ಅಲ್ವಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನಾನೇ ಬೇವಿನ ಮರದ ನೆರಳಲ್ಲಿ ನಿಲ್ಲಿಸಿ ಒಂದು ಫೋಟೊ ತೆಗೆದೆ. ಬೆಳಕು ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಈಗ ಅದೇ ಫೋಟೊ ಹೋಗುತ್ತಿದೆ.

ಮೂರನೆಯದು ನನ್ನದೇ ತಪ್ಪು. ಹೇಳದಿದ್ದರೆ ಈ ಬರಹ ಬರೆಯುವ ಹಕ್ಕು ನನಗಿಲ್ಲ. ಮಳೆ ಕೈಕೊಟ್ಟ ಒಂದು ವರ್ಷ ಪಾವಗಡದ ಕಡೆ ಒಣಗಿದ ಕಳ್ಳೇಕಾಯಿ ಹೊಲದಲ್ಲಿ ಒಬ್ಬ ರೈತರ ಫೋಟೊ ತೆಗೆದೆ. ಮುಖ ಸಾಕಷ್ಟು ‘ಬರ’ದ ಹಾಗೆ ಕಾಣುತ್ತಿಲ್ಲ ಅನ್ನಿಸಿತು. ಎಡಿಟ್ ಮಾಡುವಾಗ ಕಾಂಟ್ರಾಸ್ಟ್ ಏರಿಸಿದೆ, ಬಣ್ಣ ಇಳಿಸಿದೆ, ಚರ್ಮದ ಒಂದೊಂದು ಗೆರೆಯೂ ನೆಲದ ಬಿರುಕಿನ ಹಾಗೆ ಎದ್ದು ಕಾಣುವಂತೆ ಮಾಡಿದೆ. ಫೋಟೊ ಬಂತು, ಎಲ್ಲರೂ ಭೇಷ್ ಅಂದರು. ಮುಂದಿನ ಸಲ ಹೋದಾಗ ಆ ರೈತರು ಪೇಪರ್ ಮಡಿಸಿ ಇಟ್ಟುಕೊಂಡಿದ್ದರು. ‘ನನ್ ಮುಖ ಯಾಕಪ್ಪ ಹಿಂಗ್ ಸುಟ್ಟಾಕಿದೀಯ? ನನ್ನ ಮೊಮ್ಮಗಳು ನೋಡಿ ಹೆದರ್ಕಂಡ್ಳು’ ಅಂದರು.

ಅವತ್ತು ನನಗೆ ಒಂದು ವಿಷಯ ಹೊಳೆಯಿತು. ಮದುವೆ ಫೋಟೊದಲ್ಲಿ ನಮ್ಮವರನ್ನು ಬೆಳ್ಳಗೆ ಮಾಡುತ್ತೇವೆ, ಸುದ್ದಿ ಫೋಟೊದಲ್ಲಿ ಬಡವರನ್ನು ಇನ್ನಷ್ಟು ಕರ್ರಗೆ ಮಾಡುತ್ತೇವೆ. ಎರಡೂ ಒಂದೇ ನಂಬಿಕೆಯಿಂದ ಬರುತ್ತವೆ. ಬಿಳಿ ಅಂದರೆ ಒಳ್ಳೇದು, ಕಪ್ಪು ಅಂದರೆ ಕಷ್ಟ, ಅಪರಾಧ, ಬಡತನ. ದೊಡ್ಡ ಪತ್ರಿಕೆಗಳೂ ಇಲ್ಲಿ ಎಡವಿವೆ. 1994ರ ಜೂನಿನಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ, ಕೊಲೆ ಆರೋಪದ ಮೇಲೆ ಬಂಧಿತನಾದ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್‌ನ ಪೊಲೀಸ್ ಫೋಟೊವನ್ನು ಇನ್ನಷ್ಟು ಕಪ್ಪು ಮಾಡಿ ಮುಖಪುಟಕ್ಕೆ ಹಾಕಿತು. ಅದೇ ವಾರ ‘ನ್ಯೂಸ್‌ವೀಕ್’ ಅದೇ ಫೋಟೊವನ್ನು ತಿದ್ದದೆ ಹಾಕಿತ್ತು. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಜನ ಕೇಳಿದರು, ಟೈಮ್ ಸಂಪಾದಕರು ಓದುಗರಿಗೆ ವಿವರಣೆ ಕೊಡಬೇಕಾಯಿತು. ನನ್ನ ಮುಂದೆ ಹಾಗೆ ಪೇಪರ್ ಇಟ್ಟಿದ್ದು ಆ ರೈತರು.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ಇಲ್ಲಿ ನೆನೆಯಬೇಕು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಈ ಛಾಯಾಗ್ರಾಹಕರಿಗೆ 1977ರಲ್ಲಿ ಪದ್ಮಶ್ರೀ ಬಂತು. ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ಹಳ್ಳಿಯ ಮಕ್ಕಳು, ಕೂಲಿಯವರು, ಮುದುಕರು ಬಡವರಾಗಿಯೇ ಇದ್ದಾರೆ. ಆದರೆ ಒಬ್ಬರೂ ಕನಿಕರಕ್ಕೆ ಕೈಚಾಚಿದ ಹಾಗೆ ಕಾಣುವುದಿಲ್ಲ. ಸಿಗುವ ಬೆಳಕು ಎಲ್ಲಿಂದ ಬರುತ್ತಿದೆ ಅಂತ ನೋಡಿ, ಮುಖ ತಾನಾಗಿ ಸಡಿಲಾಗುವವರೆಗೆ ಕಾದು ತೆಗೆದ ಫೋಟೊಗೆ ಆಮೇಲೆ ಜಾಸ್ತಿ ತಿದ್ದುವ ಕೆಲಸ ಇರುವುದಿಲ್ಲ.

ಇನ್ನು ಸ್ಟುಡಿಯೊದವರ ಮಾತನ್ನೂ ಕೇಳಬೇಕು. ಪರಿಚಯದ ಒಬ್ಬರು ಹೇಳಿದರು: ‘ಸಾರ್, ನೀವು ಬರೀತೀರ, ನಾವು ಬಾಡಿಗೆ ಕಟ್ಬೇಕು. ಬೆಳ್ಳಗೆ ಮಾಡ್ದೆ ಕೊಟ್ರೆ, ಫೋಟೊ ತೆಗೆಯಕ್ಕೇ ಬರಲ್ಲ ಅಂತ ಪಕ್ಕದ ಅಂಗಡಿಗೆ ಹೋಗ್ತಾರೆ.’ ಅವರ ಮಾತು ಸುಳ್ಳಲ್ಲ. ಫೋನು ಬಂದ ಮೇಲೆ ಸ್ಟುಡಿಯೊಗಳಿಗೆ ಉಳಿದಿರುವುದೇ ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೊ, ಫ್ಲೆಕ್ಸ್. ಬಣ್ಣದ ಹುಚ್ಚು ಅವರು ಹಚ್ಚಿದ್ದಲ್ಲ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ‘ಫೇರ್ ಅಂಡ್ ಲವ್ಲಿ’ ಅನ್ನುವ ಹೆಸರಲ್ಲೇ ಕ್ರೀಮು ಮಾರಿದ ದೇಶ ನಮ್ಮದು, ಆ ಹೆಸರಿನಿಂದ ‘ಫೇರ್’ ಹೋಗಿದ್ದು 2020ರಲ್ಲಿ. ಕಪ್ಪು ಮೈಬಣ್ಣದವರನ್ನು ಕೀಳಾಗಿ ತೋರಿಸಬಾರದು ಅಂತ ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ಹೇಳಬೇಕಾಯಿತು.

ಇನ್ನೊಂದು ಮಾತನ್ನೂ ಒಪ್ಪುತ್ತೇನೆ. ‘ನನ್ನ ಮುಖ, ನನ್ನಿಷ್ಟ. ಚೆನ್ನಾಗಿ ಕಾಣಬೇಕು ಅನ್ನಿಸೋದು ತಪ್ಪಾ?’ ಅಂತ ಹುಡುಗಿಯರು ಕೇಳುತ್ತಾರೆ. ಖಂಡಿತ ತಪ್ಪಲ್ಲ. ಜಾತ್ರೆಗೆ ಹೋಗುವಾಗ ಹೊಸ ಬಟ್ಟೆ ಹಾಕಿ, ಹೂ ಮುಡಿದು ಹೋಗುತ್ತೇವೆ. ಸ್ಟೇಟಸ್ಸಿಗೆ ಹಾಕುವ ಫೋಟೊ ಅಂಥದ್ದೇ. 2025ರ ಸೆಪ್ಟೆಂಬರಿನಲ್ಲಿ ಗೂಗಲ್ ಜೆಮಿನಿಯಲ್ಲಿ ಎಲ್ಲರೂ ಹಳೇ ಸಿನಿಮಾ ನಾಯಕಿಯರ ಹಾಗೆ ಸೀರೆ ಉಟ್ಟ ಫೋಟೊ ಮಾಡಿಕೊಂಡರು. ನೋಡಿದವರಿಗೂ ಅದು ಆಟ ಅಂತ ಗೊತ್ತಿತ್ತು. ಆಟ ಅಂತ ಗೊತ್ತಿರುವ ಕಡೆ ಮೋಸ ಇಲ್ಲ. ಗೊತ್ತಿಲ್ಲದ ಕಡೆಗೆ ಹೋದಾಗಲೇ ತೊಂದರೆ. ಕೆಲವು ದೇಶಗಳು ಜಾಹೀರಾತಿನ ವಿಷಯದಲ್ಲಿ ಇದನ್ನೇ ಕಾನೂನು ಮಾಡಿವೆ. ಮಾಡೆಲ್‌ಗಳ ಮೈಕಟ್ಟು ತಿದ್ದಿದ್ದರೆ ‘ತಿದ್ದಿದ ಫೋಟೊ’ ಅಂತ ಬರೆಯಬೇಕು ಅಂತ ಫ್ರಾನ್ಸ್ 2017ರಲ್ಲಿ ಹೇಳಿತು. ನಾರ್ವೆಯಲ್ಲಿ 2022ರಿಂದ ಚರ್ಮ, ಗಾತ್ರ, ಆಕಾರ ತಿದ್ದಿದ ಜಾಹೀರಾತಿಗೆ ಗುರುತು ಹಾಕಬೇಕು.

ಕೃತಕ ಬುದ್ಧಿಮತ್ತೆಯ ಆ್ಯಪುಗಳ ಬಗ್ಗೆ ಮಾತ್ರ ಒಂದು ಎಚ್ಚರ. ಮಸುಕಾದ ಚಿಕ್ಕ ಫೋಟೊವನ್ನು ಅವು ಸ್ಪಷ್ಟ ಮಾಡಿಕೊಡುತ್ತವೆ ಅಂತ ನಾವು ತಿಳಿದಿದ್ದೇವೆ. ಫೋಟೊದಲ್ಲಿ ಇಲ್ಲದ ವಿವರವನ್ನು ಯಾವ ಯಂತ್ರವೂ ಹೊರಗೆ ತೆಗೆಯಲಾರದು. ಲಕ್ಷಾಂತರ ಬೇರೆ ಮುಖ ನೋಡಿ ಕಲಿತದ್ದರಿಂದ, ಇಲ್ಲಿ ಇಂಥ ಕಣ್ಣು ಇರಬಹುದು ಅಂತ ಊಹಿಸಿ ಹೊಸದಾಗಿ ಬರೆಯುತ್ತದೆ. ಹಚ್ಚೆಬೊಟ್ಟನ್ನು ಕಲೆ ಅಂತ ತಿಳಿದು ಅಳಿಸುತ್ತದೆ. ನಮ್ಮಜ್ಜಿಗೆ ಆಗಿದ್ದು ಇದೇ.

ಹಾಗಾದರೆ ಯಾವ ಫೋಟೊಗೆ ಯಾವ ಎಡಿಟಿಂಗ್? ಫೋಟೊ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ ಅಂತ ಮೊದಲು ಕೇಳಿಕೊಳ್ಳಿ. ನಾನು ಪಾಲಿಸುವುದು ಹೀಗೆ:

ದಾಖಲೆಯ ಫೋಟೊ: ಪಾಸ್‌ಪೋರ್ಟ್, ಅರ್ಜಿ, ಹಾಲ್ ಟಿಕೆಟ್. ಗುರುತು ಹಿಡಿಯುವುದೇ ಇದರ ಕೆಲಸ. ಬೆಳಕು ಸಮನಾಗಿರಲಿ, ಮುಖದ ಮೇಲೆ ನೆರಳು ಬೇಡ. ಮಚ್ಚೆ, ಗಾಯದ ಗುರುತು ಮುಟ್ಟಲೇಬೇಡಿ.

ಬಯೋಡೇಟಾ ಫೋಟೊ: ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ಮೇಲೆ, ಬಾಗಿಲ ಪಕ್ಕ ಅಥವಾ ಮರದ ನೆರಳಲ್ಲಿ ತೆಗೆಯಿರಿ. ಅಚ್ಚ ಬಿಳಿ ಬಟ್ಟೆ ಬೇಡ, ಹಿಂದೆ ಬಿಳಿ ಗೋಡೆಯೂ ಬೇಡ. ಇವತ್ತಿದ್ದು ನಾಳೆ ಹೋಗುವ ಮೊಡವೆಯನ್ನು ಅಳಿಸಬಹುದು, ಹುಟ್ಟಿನಿಂದ ಬಂದದ್ದನ್ನು ಅಳಿಸಬಾರದು. ತೆಗೆದವರ ಬದಲು ಫೋಟೊದಲ್ಲಿರುವವರೇ ಕೊನೆಗೆ ಒಪ್ಪಬೇಕು.

ಮದುವೆ, ಹಬ್ಬದ ಫೋಟೊ: ಬಣ್ಣ ಧಾರಾಳವಾಗಿರಲಿ, ಹಿನ್ನೆಲೆ ಮಸುಕು ಮಾಡಿ, ಬೇಕಾದರೆ ಮೋಡ ಸೇರಿಸಿ. ಆದರೆ ವಧೂವರರ ಮೈಬಣ್ಣ ಆಲ್ಬಮಿನಲ್ಲೂ ಅವರದ್ದೇ ಆಗಿರಲಿ. ಮುಖ ಒಂದು ಬಣ್ಣ, ಕೈ ಇನ್ನೊಂದು ಬಣ್ಣ ಇರುವ ಆಲ್ಬಮ್ ನೀವೂ ನೋಡಿದ್ದೀರಿ.

ವಯಸ್ಸಾದವರ ಫೋಟೊ: ಇಲ್ಲಿ ಕಪ್ಪು ಬಿಳುಪು ಬಹಳ ಚೆನ್ನ. ಬಣ್ಣದ ಜಗಳ ಇಲ್ಲ, ಮುಖದ ಗೆರೆ, ಕಣ್ಣಿನ ಹೊಳಪು ಎದ್ದು ಬರುತ್ತದೆ. ಒಂದು ಮಾತು, ಕೇಳಿ ಮಾಡಿ. ನಮ್ಮಪ್ಪನ ಫೋಟೊವನ್ನು ಕಪ್ಪು ಬಿಳುಪು ಮಾಡಿ ತೋರಿಸಿದಾಗ, ‘ನಾನಿನ್ನೂ ಬದುಕಿದೀನಿ ಕಣಪ್ಪ, ಹಾರ ಹಾಕೋ ಫೋಟೊ ಈಗ್ಲೇ ಮಾಡ್ಬಿಟ್ಯಾ?’ ಅಂದರು. ಮತ್ತೆ ಬಣ್ಣಕ್ಕೆ ತಿರುಗಿಸಿದೆ.

ಸುದ್ದಿಯ ಫೋಟೊ: ಬೆಳಕು, ಅಂಚು ಕತ್ತರಿಸುವುದು, ಅಷ್ಟೇ. ರಾಯಿಟರ್ಸ್ ಸುದ್ದಿ ಸಂಸ್ಥೆ 2015ರಲ್ಲಿ ತನ್ನ ಹವ್ಯಾಸಿ ಛಾಯಾಗ್ರಾಹಕರಿಗೆ, ಕ್ಯಾಮೆರಾದಲ್ಲೇ ತಯಾರಾದ ಫೋಟೊ ಕಳಿಸಿ, ಕಂಪ್ಯೂಟರಿನಲ್ಲಿ ಬೇಯಿಸಿದ್ದು ಬೇಡ ಅಂತ ಸೂಚನೆ ಕೊಟ್ಟಿತ್ತು. ನಮ್ಮಂಥ ತಾಲ್ಲೂಕು ವರದಿಗಾರರಿಗೂ ಅದೇ ಲೆಕ್ಕ.

ಕಾಣೆಯಾದವರ ಫೋಟೊ: ಇತ್ತೀಚಿನದು, ತಿದ್ದದೇ ಇರುವುದು. ಇದಕ್ಕಾಗಿ ಇವತ್ತೇ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಹಿರಿಯರನ್ನು, ಮಕ್ಕಳನ್ನು ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ, ಫೋನಿನ ಬ್ಯೂಟಿ ಮೋಡ್ ಆಫ್ ಮಾಡಿ, ದಿನಾ ಉಡುವ ಬಟ್ಟೆಯಲ್ಲೇ ಒಂದೊಂದು ಫೋಟೊ ತೆಗೆದಿಡಿ. ಯಾವುದಕ್ಕೂ ಬೇಕಾಗದಿರಲಿ. ಬೇಕಾದಾಗ ಮಾತ್ರ ಅದು ಇರಬೇಕು. ಅಂಥದೊಂದು ಫೋಟೊ ಇದ್ದಿದ್ದರೆ ಅಜ್ಜಿಯ ಫ್ಲೆಕ್ಸಿಗೆ ನಾನು ಸೀಲು ಬಿದ್ದ ಪಿಂಚಣಿ ಫೋಟೊ ಹುಡುಕಬೇಕಿರಲಿಲ್ಲ.

ಸ್ಟುಡಿಯೊಗೆ ಹೋದಾಗ ‘ಚೆನ್ನಾಗಿ ಮಾಡಿ’ ಅನ್ನಬೇಡಿ. ‘ಅಣ್ಣ, ಬೆಳಕು ಸರಿ ಮಾಡಿ, ಬಣ್ಣ ಇದ್ದ ಹಾಗೇ ಇರಲಿ, ಮಚ್ಚೆ ಮುಟ್ಟಬೇಡಿ’ ಅನ್ನಿ. ಹೇಳಿದರೆ ಅವರು ಮಾಡಿಕೊಡುತ್ತಾರೆ, ನಾನು ಕಂಡಿದ್ದೇನೆ.

ಸೋದರತ್ತೆ ಆ ಮಾತು ಅಂದ ಮೇಲೆ ರಾತ್ರಿಯೇ ಸ್ಟುಡಿಯೊಗೆ ಮತ್ತೆ ಫೋನ್ ಮಾಡಿದೆ. ಅವರು ಬೇಜಾರು ಮಾಡಿಕೊಳ್ಳದೆ ಹಳೇ ಫೋಟೊವನ್ನೇ ಹಾಕಿ, ಮಸುಕಾಗಿದ್ದರೂ ಇರಲಿ ಅಂತ ಚಿಕ್ಕ ಅಳತೆಯಲ್ಲಿ ಇನ್ನೊಂದು ಪ್ರಿಂಟ್ ಕೊಟ್ಟರು. ದೊಡ್ಡ ಫ್ಲೆಕ್ಸನ್ನು ತಿಥಿ ಮುಗಿದ ಮೇಲೆ ಹುಲ್ಲಿನ ಬಣವೆಗೆ ಹೊದಿಸಿದೆವು. ಚಿಕ್ಕದು ಗೋಡೆಯ ಮೇಲಿದೆ. ಅದರಲ್ಲಿ ಅಜ್ಜಿ ಸ್ವಲ್ಪ ಮಸುಕು, ಮೂಲೆಯಲ್ಲಿ ಸೀಲಿನ ಗುರುತೂ ಇದೆ. ಹಣೆಯ ಹಚ್ಚೆಬೊಟ್ಟು ಮಾತ್ರ ಕಾಣುತ್ತದೆ. ಸೋದರತ್ತೆ ಬಂದಾಗಲೆಲ್ಲ ಮೊದಲು ಅಲ್ಲಿಗೆ ಹೋಗಿ ಬೆರಳಿನಿಂದ ಅದನ್ನು ಮುಟ್ಟುತ್ತಾರೆ.